ಕಟ್ಟಡ ಮಾಹಿತಿ ಪ್ರತಿರೂಪದ ತಂತ್ರಾಂಶಗಳ ಆಯ್ಕೆ: ಲೋಕಾಪುರ ಪ್ರದೇಶವನ್ನು ಲಕ್ಷಿಸಿ ಒಂದು ವಿವೇಚನೆ

೧. ವಿಷಯಪ್ರವೇಶ

ಕಟ್ಟಡವೊಂದು ಮೇಲೇಳುವುದಕ್ಕೆ ಮುನ್ನ ಅದರ ನಕ್ಷೆಯನ್ನು ಬರೆದುಕೊಳ್ಳುವ ಪದ್ಧತಿ ಬಹು ಪ್ರಾಚೀನವಾದುದು. ನಕ್ಷೆಯ ಸಾಧನಗಳು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಹಲಗೆ, ಟಿ-ಚೌಕ, ಮಸಿಲೇಖನಿಗಳ ಸ್ಥಾನವನ್ನು ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಗಣಕಯಂತ್ರವು ಆಕ್ರಮಿಸಿತು. ಆದರೆ ಸಾಧನ ಬದಲಾದರೂ ಕೆಲಸದ ಸ್ವರೂಪ ಬದಲಾಗಲಿಲ್ಲ. ಕಾಗದದ ಮೇಲಿನ ಗೆರೆ ತೆರೆಯ ಮೇಲಿನ ಗೆರೆಯಾಯಿತು, ಅಷ್ಟೆ. ನಿಜವಾದ ಬದಲಾವಣೆ ಅನಂತರದ್ದು. ಗೆರೆಯನ್ನು ಬಿಟ್ಟು ಕಟ್ಟಡದ ಅಂಗಗಳನ್ನೇ, ಅವುಗಳ ಗುಣ ಮತ್ತು ಪರಸ್ಪರ ಸಂಬಂಧಗಳ ಸಹಿತವಾಗಿ, ಗಣಕದಲ್ಲಿ ಕೂಡಿಸಿಡುವ ಪದ್ಧತಿಯು ಈಗ ರೂಢಿಗೆ ಬರುತ್ತಿದೆ. ಇದನ್ನು ಆಂಗ್ಲದಲ್ಲಿ ಬಿಲ್ಡಿಂಗ್ ಇನ್‌ಫರ್ಮೇಶನ್ ಮಾಡೆಲಿಂಗ್ ಎಂದೂ ಸಂಕ್ಷೇಪವಾಗಿ ಬಿಮ್ ಎಂದೂ ಕರೆಯುವರು. ಕನ್ನಡದಲ್ಲಿ ಇದನ್ನು ಕಟ್ಟಡ ಮಾಹಿತಿ ಪ್ರತಿರೂಪವೆಂದು ಕರೆಯಬಹುದು.

ಈ ಪದ್ಧತಿಗೆ ಬೇಕಾದ ತಂತ್ರಾಂಶಗಳು ಒಂದೆರಡಲ್ಲ. ವಾಸ್ತುಶಿಲ್ಪಿಗಳಿಗೂ ಎಂಜಿನಿಯರರಿಗೂ ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ದೊಡ್ಡ ಸಮಸ್ಯೆಯಾಗಿದೆ. ಆಯ್ಕೆಯ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಮೂರು: ಯಾವುದು ಹೆಚ್ಚು ಪ್ರಚಾರದಲ್ಲಿದೆ, ಯಾವುದನ್ನು ಕಲಿತರೆ ಕೆಲಸ ದೊರೆಯುವುದು, ಯಾವುದರ ಚಿತ್ರ ಕಣ್ಣಿಗೆ ಹೆಚ್ಚು ಇಂಪಾಗಿದೆ. ಇವು ನಿರರ್ಥಕ ಪ್ರಶ್ನೆಗಳಲ್ಲ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ತಂತ್ರಾಂಶವು ನಮ್ಮ ಕೈಬಿಟ್ಟ ಮೇಲೆ ಅದರಲ್ಲಿ ತುಂಬಿಟ್ಟ ಮಾಹಿತಿಯನ್ನು ಯಾರು ಓದಬಲ್ಲರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಬಾಗಲಕೋಟೆ ಜಿಲ್ಲೆಯ ಲೋಕಾಪುರ ಮತ್ತು ಅದರ ಸುತ್ತಲಿನ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಪ್ರದೇಶದ ಕಟ್ಟಡಗಳ ಸಂದರ್ಭದಲ್ಲಿ ಆಯ್ಕೆಯ ತತ್ತ್ವಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪ್ರತಿರೂಪದ ಸ್ವರೂಪ

ಒಂದು ಸರಳ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಾಮಾನ್ಯ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಸಮಾನಾಂತರ ರೇಖೆಗಳು. ಅವು ಗೋಡೆಯನ್ನು ಸೂಚಿಸುತ್ತವೆಂದು ತಿಳಿಯುವವನು ನೋಡುವ ಮನುಷ್ಯನೇ ಹೊರತು ಯಂತ್ರವಲ್ಲ. ಪ್ರತಿರೂಪದಲ್ಲಿಯಾದರೋ ಗೋಡೆಯು ಗೋಡೆಯೆಂದೇ ನಮೂದಾಗಿರುತ್ತದೆ. ಅದರ ಉದ್ದ, ಎತ್ತರ, ದಪ್ಪ, ಅದು ಕಲ್ಲಿನದೋ ಇಟ್ಟಿಗೆಯದೋ ಎಂಬುದು, ಅದರ ಮೇಲೆ ಹೊರೆ ಬೀಳುವುದೋ ಇಲ್ಲವೋ ಎಂಬುದು, ಅದು ಯಾವ ಅಂತಸ್ತಿಗೆ ಸೇರಿದುದೆಂಬುದು, ಇವೆಲ್ಲ ಅದರೊಡನೆಯೇ ಇರುತ್ತವೆ. ಆ ಗೋಡೆಯಲ್ಲಿ ಬಾಗಿಲನ್ನಿಟ್ಟರೆ ಬಾಗಿಲು ಗೋಡೆಗೆ ಅಧೀನವಾಗುತ್ತದೆ. ಗೋಡೆಯನ್ನು ಸರಿಸಿದರೆ ಬಾಗಿಲೂ ಸರಿಯುತ್ತದೆ. ತಳವಿನ್ಯಾಸ, ಛೇದಚಿತ್ರ, ಮುಂಭಾಗದ ಚಿತ್ರ, ಬಾಗಿಲುಗಳ ಪಟ್ಟಿ, ಇವೆಲ್ಲವೂ ಒಂದೇ ಮೂಲದಿಂದ ಹುಟ್ಟುವುದರಿಂದ ಒಂದರಲ್ಲಿ ಮಾಡಿದ ತಿದ್ದುಪಡಿ ಎಲ್ಲದರಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಇದರಿಂದ ಒದಗುವ ಪ್ರಯೋಜನ ಸ್ಪಷ್ಟವಾಗಿದೆ. ವಾಸ್ತುಶಿಲ್ಪಿಯ ನಕ್ಷೆಯಲ್ಲಿ ಕಿಟಕಿಯಿರುವ ಕಡೆ ಎಂಜಿನಿಯರನ ನಕ್ಷೆಯಲ್ಲಿ ಕಂಬವಿರುವುದು, ತೊಲೆಯ ನಡುವೆ ನೀರಿನ ಕೊಳವೆ ಹಾಯುವುದು, ಈ ಬಗೆಯ ವಿರೋಧಗಳು ಕೆಲಸದ ಸ್ಥಳದಲ್ಲಿ ಗೋಚರಿಸಿದಾಗ ಒಡೆದು ಕಟ್ಟುವುದೊಂದೇ ಮಾರ್ಗ. ಪ್ರತಿರೂಪದಲ್ಲಿ ಅವು ಮೊದಲೇ ಗೋಚರಿಸುತ್ತವೆ. ಆದರೆ ಪ್ರತಿರೂಪದ ಬೆಲೆಯಿರುವುದು ಕಟ್ಟುವ ಒಂದೆರಡು ವರ್ಷಗಳಲ್ಲಿ ಮಾತ್ರವಲ್ಲ. ಮುಂದೆ ಐವತ್ತು ಅರವತ್ತು ವರ್ಷಗಳವರೆಗೆ ಕಟ್ಟಡದ ದುರಸ್ತಿ, ವಿಸ್ತರಣೆ, ಬೆಲೆಕಟ್ಟುವಿಕೆಗಳಿಗೆಲ್ಲ ಅದೇ ಆಧಾರವಾಗಬೇಕು. ಆಯ್ಕೆಯ ತೊಡಕು ಹುಟ್ಟುವುದು ಇಲ್ಲಿಯೇ. ಕಟ್ಟಡದ ಆಯುಸ್ಸಿಗೂ ತಂತ್ರಾಂಶದ ಆಯುಸ್ಸಿಗೂ ಹೋಲಿಕೆಯಿಲ್ಲ.

೩. ಸಂಕ್ಷಿಪ್ತ ಇತಿಹಾಸ

ಈ ಕಲ್ಪನೆಯ ಮೂಲಪುರುಷರಲ್ಲಿ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಪ್ರಮುಖರು. ನಕ್ಷೆಗಳಿಗೆ ಬದಲಾಗಿ ಕಟ್ಟಡದ ವಿವರಣೆಯನ್ನೇ ಗಣಕದಲ್ಲಿಡುವ ವ್ಯವಸ್ಥೆಯೊಂದನ್ನು ಅವರು ೧೯೭೦ರ ದಶಕದ ನಡುವಿನಲ್ಲಿಯೇ ಪ್ರತಿಪಾದಿಸಿದ್ದರು. ಈಗ ಪ್ರಚಾರದಲ್ಲಿರುವ ಹೆಸರು ವ್ಯಾನ್ ನೆಡರ್ವೀನ್ ಮತ್ತು ಟೋಲ್ಮನ್ ಎಂಬ ಡಚ್ ವಿದ್ವಾಂಸರ ೧೯೯೨ರ ಪ್ರಬಂಧದಲ್ಲಿ ಕಾಣಿಸುತ್ತದೆ.

ವಾಣಿಜ್ಯ ತಂತ್ರಾಂಶಗಳ ಪೈಕಿ ಆರ್ಕಿಕ್ಯಾಡ್ ಹಿರಿಯದು. ೧೯೮೨ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಗಾಬೋರ್ ಬೊಯಾರ್ ಅವರು ಸ್ಥಾಪಿಸಿದ ಗ್ರಾಫಿಸಾಫ್ಟ್ ಸಂಸ್ಥೆ ಇದನ್ನು ರೂಪಿಸಿತು. ಅದೇ ೧೯೮೨ರಲ್ಲಿ ಅಮೆರಿಕದ ಆಟೋಡೆಸ್ಕ್ ಸಂಸ್ಥೆ ಹೊರತಂದ ಆಟೋಕ್ಯಾಡ್ ಗೆರೆಯ ನಕ್ಷೆಗಳ ಸಾಧನವಾಗಿ ಜಗತ್ತಿನಲ್ಲೆಲ್ಲ ಹರಡಿತು. ನಮ್ಮ ಕಚೇರಿಗಳಲ್ಲಿ ಇಂದಿಗೂ ಅದರ ಬಳಕೆ ವಿಪುಲವಾಗಿದೆ. ೧೯೯೭ರಲ್ಲಿ ಲಿಯೊನಿಡ್ ರೈಜ್ ಮತ್ತು ಇರ್ವಿನ್ ಯುಂಗ್‌ರೈಸ್ ಎಂಬವರು ಆರಂಭಿಸಿದ ಸಂಸ್ಥೆಯಿಂದ ೨೦೦೦ದಲ್ಲಿ ರೆವಿಟ್ ಹೊರಬಂದಿತು. ೨೦೦೨ರಲ್ಲಿ ಅದನ್ನು ಆಟೋಡೆಸ್ಕ್ ಕೊಂಡುಕೊಂಡಿತು. ಉಕ್ಕು ಮತ್ತು ಕಾಂಕ್ರೀಟ್ ರಚನೆಗಳ ಸೂಕ್ಷ್ಮ ವಿವರಗಳಿಗೆ ಹೆಸರಾದ ಟೆಕ್ಲಾ ಫಿನ್‌ಲೆಂಡಿನದು. ೨೦೧೧ರಲ್ಲಿ ಅದು ಅಮೆರಿಕದ ಟ್ರಿಂಬಲ್ ಸಂಸ್ಥೆಯ ಪಾಲಾಯಿತು. ಆರ್ಕಿಕ್ಯಾಡಿನ ಒಡೆತನವು ೨೦೦೭ರಲ್ಲಿ ಜರ್ಮನಿಯ ನೆಮೆಚೆಕ್ ಸಮೂಹಕ್ಕೆ ಸೇರಿತು. ರಚನಾವಿಶ್ಲೇಷಣೆಗಾಗಿ ನಮ್ಮ ದೇಶದಲ್ಲಿ ಬಹುವಾಗಿ ಬಳಕೆಯಲ್ಲಿರುವ ಸ್ಟಾಡ್ ೨೦೦೫ರಲ್ಲಿ ಬೆಂಟ್ಲಿ ಸಂಸ್ಥೆಯ ವಶಕ್ಕೆ ಬಂದಿತು.

ಈ ವಿವರಗಳನ್ನು ಹೇಳಿದುದು ಹೆಸರುಗಳ ಪಟ್ಟಿಗಾಗಿ ಅಲ್ಲ. ಮೂವತ್ತು ವರ್ಷಗಳೊಳಗೆ ಹಲವು ಮುಖ್ಯ ತಂತ್ರಾಂಶಗಳ ಒಡೆಯರು ಬದಲಾಗಿದ್ದಾರೆಂಬುದನ್ನು ವಾಚಕರು ಗಮನಿಸಬೇಕು. ಒಡೆಯರು ಬದಲಾದಾಗ ಬೆಲೆ, ಪರವಾನಗಿಯ ಕರಾರು, ಕಡತದ ರೂಪ ಎಲ್ಲವೂ ಬದಲಾಗಬಲ್ಲವು. ೧೯೯೫ರಲ್ಲಿ ಕಟ್ಟಿದ ಶಾಲೆ ಇಂದಿಗೂ ನಿಂತಿರುತ್ತದೆ. ಅದರ ಲೆಕ್ಕವನ್ನು ಹೊತ್ತ ಅಂದಿನ ಕಡತವನ್ನು ತೆರೆಯಬಲ್ಲ ಯಂತ್ರ ಮಾತ್ರ ದುರ್ಲಭ.

೪. ಈ ಪ್ರದೇಶದ ಕಟ್ಟಡಗಳು

ಮುಧೋಳದ ಕಡೆಯಿಂದಲೂ ಬಾಗಲಕೋಟೆಯ ಕಡೆಯಿಂದಲೂ ಬರುವ ದಾರಿಗಳು ಕೂಡುವ ಲೋಕಾಪುರದ ಹೆಸರು ಭೂವಿಜ್ಞಾನಿಗಳಿಗೆ ಸುಪರಿಚಿತ. ರಾಬರ್ಟ್ ಬ್ರೂಸ್ ಫೂಟ್ ಅವರು ೧೮೭೬ರ ತಮ್ಮ ಗ್ರಂಥದಲ್ಲಿ ವರ್ಣಿಸಿದ ಕಲಾದಗಿ ಶಿಲಾಶ್ರೇಣಿಯ ಕೆಳಗಿನ ಭಾಗಕ್ಕೆ ಈಗ ಲೋಕಾಪುರ ಉಪಗಣವೆಂದೇ ಹೆಸರು. ಸುಣ್ಣಕಲ್ಲು, ಡೋಲೊಮೈಟ್, ಬೆಣಚುಕಲ್ಲುಗಳ ಈ ನೆಲದಲ್ಲಿ ಸಿಮೆಂಟ್ ಉದ್ಯಮ ಬೆಳೆದಿರುವುದು ಸಹಜವೇ. ನದೀತೀರಗಳ ಕಡೆಗೆ ಎರೆಭೂಮಿಯಿದೆ. ಹೀಗೆ ನಾಲ್ಕಾರು ಹರದಾರಿಯೊಳಗೆ ತಳಪಾಯದ ಸಮಸ್ಯೆ ಬದಲಾಗುತ್ತದೆ. ಕಟ್ಟಡಗಳ ಬಗೆಯೂ ಒಂದೇ ಅಲ್ಲ. ಆಯ್ಕೆಯ ದೃಷ್ಟಿಯಿಂದ ಅವುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯವು ಹಳೆಯ ಮಾಳಿಗೆಯ ಮನೆಗಳು. ಕಲ್ಲು ಮಣ್ಣುಗಳ ದಪ್ಪ ಗೋಡೆ, ಕಟ್ಟಿಗೆಯ ಕಂಬ, ಬೋದಿಗೆ, ತೊಲೆ, ಜಂತೆ, ಅದರ ಮೇಲೆ ಮಣ್ಣಿನ ಹೊದಿಕೆ, ನಡುವೆ ಬೆಳಕಿಂಡಿ. ಈ ಮನೆಯ ಗೋಡೆ ಮೇಲಿಂದ ಕೆಳಕ್ಕೆ ಒಂದೇ ದಪ್ಪವಾಗಿರುವುದಿಲ್ಲ, ಮೂಲೆಗಳು ಸಮಕೋನವಾಗಿರುವುದಿಲ್ಲ. ತಂತ್ರಾಂಶಗಳ ಜೊತೆಗೆ ಬರುವ ಸಿದ್ಧ ಘಟಕಗಳಾದರೋ ಬಹುಮಟ್ಟಿಗೆ ಪಾಶ್ಚಾತ್ಯ ದೇಶಗಳ ಗೋಡೆ, ಚಾವಣಿಗಳನ್ನು ಅನುಸರಿಸಿ ರಚಿತವಾದವು. ಮಾಳಿಗೆಯನ್ನು ಅವುಗಳಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ, ಸ್ವತಃ ರಚಿಸಿಕೊಳ್ಳಬೇಕು. ಇದು ಕೇವಲ ಚಿತ್ರದ ಪ್ರಶ್ನೆಯಲ್ಲ. ೩೦ ಸೆಂಟಿಮೀಟರ್ ದಪ್ಪದ ಮಣ್ಣಿನ ಹೊದಿಕೆಯು ಚದರ ಮೀಟರಿಗೆ ಸುಮಾರು ಅರ್ಧ ಟನ್ನಿನಷ್ಟು ಭಾರವನ್ನು ಜಂತೆಗಳ ಮೇಲೆ ಹೇರುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಆ ದಪ್ಪವನ್ನು ಪ್ರತಿರೂಪದಲ್ಲಿ ನಮೂದಿಸದೆ ತೆಳುವಾದ ಕಾಂಕ್ರೀಟ್ ಚಾವಣಿಯ ಘಟಕವನ್ನೇ ಬಳಸಿದರೆ, ಚಿತ್ರ ಸುಂದರವಾಗಿರುವುದು, ಲೆಕ್ಕ ಅಪಾಯಕರವಾಗಿರುವುದು.

ಎರಡನೆಯವು ರಬಕವಿ, ಬನಹಟ್ಟಿಗಳ ನೇಕಾರರ ಮನೆಗಳು. ಇಲ್ಲಿ ವಾಸದ ಸ್ಥಳವೂ ದುಡಿಮೆಯ ಸ್ಥಳವೂ ಒಂದೇ ಸೂರಿನ ಕೆಳಗಿರುವುದುಂಟು. ಕೈಮಗ್ಗಕ್ಕೆ ನೆಲದಲ್ಲಿ ಕುಣಿ ಬೇಕು. ವಿದ್ಯುನ್ಮಗ್ಗ ಬಂದ ಕಡೆ ಎಡೆಬಿಡದ ಕಂಪನವಿದೆ, ಸದ್ದಿದೆ, ವಿದ್ಯುತ್ತಿನ ಹೊರೆಯಿದೆ. ಇಂತಹ ಕೋಣೆಯನ್ನು ತಂತ್ರಾಂಶದಲ್ಲಿ ವಾಸದ ಕೋಣೆಯೆಂದು ನಮೂದಿಸಿದರೆ ಯಂತ್ರದ ಹೊರೆಯು ಲೆಕ್ಕಕ್ಕೆ ಬಾರದು. ಕಾರ್ಖಾನೆಯೆಂದು ನಮೂದಿಸಿದರೆ ಮನುಷ್ಯವಾಸವು ಮರೆಯಾಗುವುದು. ಸ್ಥಳವೊಂದಕ್ಕೆ ಬಳಕೆದಾರನು ತನ್ನದೇ ಆದ ಗುಣಗಳನ್ನು ಸೇರಿಸಲು ಎಷ್ಟರಮಟ್ಟಿಗೆ ಸ್ವಾತಂತ್ರ್ಯವಿದೆಯೆಂಬುದನ್ನು ಇಲ್ಲಿ ಪರೀಕ್ಷಿಸಬೇಕು.

ಮೂರನೆಯವು ಕಾರ್ಖಾನೆಗಳು ಮತ್ತು ಸಾರ್ವಜನಿಕ ನಿರ್ಮಾಣಗಳು. ಮುಧೋಳ, ಜಮಖಂಡಿಗಳ ಸುತ್ತಿನ ಸಕ್ಕರೆ ಕಾರ್ಖಾನೆಗಳಲ್ಲಿ ಉಕ್ಕಿನ ಚೌಕಟ್ಟು, ಕೊಳವೆಗಳ ಜಾಲ, ಯಂತ್ರಗಳ ಪೀಠ, ಇವೇ ಪ್ರಧಾನ. ಇಂತಹ ಕೆಲಸಕ್ಕೆ ಪ್ರತಿಯೊಂದು ಬೋಲ್ಟನ್ನೂ ಬೆಸುಗೆಯನ್ನೂ ತೋರಿಸಬಲ್ಲ ಟೆಕ್ಲಾದಂತಹ ಸಾಧನವು ಯೋಗ್ಯ. ಶಾಲೆ, ಆಸ್ಪತ್ರೆ, ಕಚೇರಿಗಳಿಗೆ ರೆವಿಟ್ ಅಥವಾ ಆರ್ಕಿಕ್ಯಾಡ್ ಸಾಕು. ಎರೆಭೂಮಿಯಲ್ಲಿ ಕಟ್ಟುವಾಗ ಬುಡದಲ್ಲಿ ಉಬ್ಬುಳ್ಳ ಕಂಬತಳಪಾಯವನ್ನು ಹಾಕುವುದು ನಮ್ಮಲ್ಲಿ ರೂಢಿ. ಅದರ ಉಬ್ಬಿನ ವ್ಯಾಸವು ಕಂಬದ ವ್ಯಾಸದ ಸಾಮಾನ್ಯವಾಗಿ ಎರಡೂವರೆಪಟ್ಟು. ಈ ಘಟಕವನ್ನು ಕೂಡ ಬಹುಶಃ ನಾವೇ ರಚಿಸಿಕೊಳ್ಳಬೇಕಾಗುತ್ತದೆ. ಇನ್ನು ರೈಲುಮಾರ್ಗಗಳ ಮಾತು. ಲೋಕಾಪುರದ ಮೂಲಕ ಹಾಯುವ ಬಾಗಲಕೋಟೆ-ಕುಡಚಿ ಹೊಸ ಮಾರ್ಗದ ಉದ್ದ ಸುಮಾರು ೧೪೨ ಕಿಲೋಮೀಟರ್. ನಿಲ್ದಾಣದ ಕಟ್ಟಡ, ಸೇತುವೆ, ಏರಿ, ಹಳಿ ಎಲ್ಲವೂ ಒಂದೇ ವಿವರಣೆಯೊಳಗೆ ಬರಬೇಕಾದ ಇಂತಹ ಕೆಲಸಕ್ಕೆ ಕಟ್ಟಡವನ್ನು ಮಾತ್ರ ಬಲ್ಲ ತಂತ್ರಾಂಶ ಸಾಲದು.

ನಾಲ್ಕನೆಯವು ಮುಳುಗಡೆಗೆ ಒಳಗಾದ, ಒಳಗಾಗಲಿರುವ ಕಟ್ಟಡಗಳು. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿದುದರಿಂದ ಬಾಗಲಕೋಟೆಯ ಹಳೆಯ ಪಟ್ಟಣದ ಜನರನ್ನು ನವನಗರಕ್ಕೆ ಸಾಗಿಸಬೇಕಾಯಿತು. ಜಲಾಶಯದಲ್ಲಿ ನೀರನ್ನು ನಿಲ್ಲಿಸುತ್ತಿರುವ ಮಟ್ಟ ೫೧೯.೬ ಮೀಟರ್. ಕೃಷ್ಣಾ ನದಿನೀರಿನ ಎರಡನೆಯ ನ್ಯಾಯಾಧಿಕರಣವು ೨೦೧೦ರ ತೀರ್ಪಿನಲ್ಲಿ ಅದನ್ನು ೫೨೪.೨೫೬ ಮೀಟರಿಗೆ ಏರಿಸಲು ಸಮ್ಮತಿಸಿದೆ. ಈ ನಾಲ್ಕೂವರೆ ಮೀಟರಿಗೂ ಮೇಲ್ಪಟ್ಟ ಏರಿಕೆಯ ಅರ್ಥವನ್ನು ನದೀತೀರದ ಹಳ್ಳಿಗಳವರು ಚೆನ್ನಾಗಿ ಬಲ್ಲರು. ಮುಳುಗಲಿರುವ ಮನೆಗೆ ಸಲ್ಲುವ ಪರಿಹಾರವು ಅಳತೆಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನು ಅವಲಂಬಿಸುತ್ತದೆ: ಗೋಡೆಯ ದಪ್ಪ, ತೊಲೆಯ ಕಟ್ಟಿಗೆ, ಬಾಗಿಲಿನ ಕೆತ್ತನೆ, ಹಗೇವಿನ ಆಳ. ನೀರು ನಿಂತ ಮೇಲೆ ಪುನಃ ಅಳೆಯುವುದು ಸಾಧ್ಯವಿಲ್ಲ. ದಾಖಲೆಯನ್ನು ತೆರೆದು ನೋಡಲು ಮನೆಯವನಿಗಾಗಲಿ ಅವನ ಪರವಾಗಿ ವಾದಿಸುವವನಿಗಾಗಲಿ ದುಬಾರಿ ಪರವಾನಗಿ ಬೇಕೆಂದಾದರೆ, ಆ ದಾಖಲೆಯು ಇದ್ದೂ ಇಲ್ಲದಂತೆಯೇ ಸರಿ. ತಂತ್ರಾಂಶದ ಆಯ್ಕೆಯು ಕಚೇರಿಯ ಒಳಗಿನ ಅನುಕೂಲದ ಮಾತಾಗಿ ಉಳಿಯದೆ ನ್ಯಾಯದ ಮಾತೂ ಆಗುವುದು ಈ ಕಾರಣದಿಂದ.

೫. ಅಳತೆ ಮತ್ತು ಲೆಕ್ಕ

ಪ್ರತಿರೂಪದಿಂದ ಸಾಮಗ್ರಿಯ ಪ್ರಮಾಣವು ತಾನಾಗಿಯೇ ದೊರೆಯುವುದೆಂದು ತಂತ್ರಾಂಶಗಳ ಪ್ರಚಾರಕರು ಹೇಳುತ್ತಾರೆ. ಇದು ನಿಜ, ಆದರೆ ಯಂತ್ರವು ಕೊಡುವ ಪ್ರಮಾಣ ರೇಖಾಗಣಿತದ ಪ್ರಮಾಣ. ನಮ್ಮಲ್ಲಿ ಹಣ ಸಂದಾಯವಾಗುವುದು ಅಳತೆಯ ನಿಯಮಗಳ ಪ್ರಕಾರ. ಭಾರತೀಯ ಮಾನಕ ೧೨೦೦ರ ಬೇರೆ ಬೇರೆ ಭಾಗಗಳು ಈ ನಿಯಮಗಳನ್ನು ವಿಧಿಸುತ್ತವೆ. ಗಿಲಾವಿನ ಕೆಲಸದಲ್ಲಿ ಅರ್ಧ ಚದರ ಮೀಟರಿಗಿಂತ ಹೆಚ್ಚಿನ, ಮೂರು ಚದರ ಮೀಟರಿನವರೆಗಿನ ತೆರಪುಗಳಿಗೆ ಗೋಡೆಯ ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಇನ್ನೊಂದು ಮುಖದಲ್ಲಿ ಕಳೆಯದೆ ಬಿಡುವುದು ಕಿಟಕಿಯ ಪಕ್ಕೆಗಳಿಗೆ ಮಾಡಿದ ಗಿಲಾವಿಗೆ ಪ್ರತಿಯಾಗಿ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ೬ ಮೀಟರ್ ಉದ್ದ, ೩ ಮೀಟರ್ ಎತ್ತರದ ಗೋಡೆಯ ಎರಡು ಮುಖಗಳ ಕ್ಷೇತ್ರಫಲ ೩೬ ಚದರ ಮೀಟರ್. ಅದರಲ್ಲಿ ೧.೨ ಮೀಟರ್ ಚೌಕದ ಒಂದು ಕಿಟಕಿಯಿದೆ. ಅದರ ಕ್ಷೇತ್ರಫಲ ೧.೪೪ ಚದರ ಮೀಟರ್. ಎರಡೂ ಮುಖಗಳಲ್ಲಿ ಕಳೆಯುವ ತಂತ್ರಾಂಶ ೩೩.೧೨ ಎಂದು ಹೇಳುತ್ತದೆ. ನಿಯಮದ ಪ್ರಕಾರ ಬರಬೇಕಾದುದು ೩೪.೫೬. ತಂತ್ರಾಂಶವು ಪಕ್ಕೆಗಳ ಗಿಲಾವನ್ನು ಬೇರೆಯಾಗಿ ಕೂಡಿಸಿದರೆ ಮೂರನೆಯದೊಂದು ಅಂಕಿ ಬರುತ್ತದೆ. ಮೊದಲ ಎರಡು ಅಂಕಿಗಳ ಅಂತರ ಒಂದು ಕಿಟಕಿಗೆ ೧.೪೪ ಚದರ ಮೀಟರ್. ಇಪ್ಪತ್ತೈದು ಕಿಟಕಿಗಳ ಶಾಲೆಯಲ್ಲಿ ಅದು ೩೬ ಚದರ ಮೀಟರ್. ಅಂದರೆ ಒಂದು ಇಡೀ ಗೋಡೆಯ ಎರಡೂ ಮುಖಗಳ ಕೆಲಸ. ಗುತ್ತಿಗೆದಾರನಿಗೂ ಇಲಾಖೆಗೂ ನಡುವೆ ವ್ಯಾಜ್ಯ ಹುಟ್ಟುವುದಕ್ಕೆ ಇಷ್ಟು ಸಾಕು.

ಆದ್ದರಿಂದ ಆರಿಸಿಕೊಳ್ಳುವ ತಂತ್ರಾಂಶದಲ್ಲಿ ಅಳತೆಯ ನಿಯಮವನ್ನು ನಾವೇ ವಿಧಿಸುವ ಅವಕಾಶವಿರಬೇಕು. ಇಲ್ಲವೇ ಕಿಟಕಿ ಬಾಗಿಲುಗಳ ಪ್ರತ್ಯೇಕ ಪಟ್ಟಿಯನ್ನಾದರೂ ಹೊರತೆಗೆದು ಕೈಯಿಂದ ತಿದ್ದಲು ಅನುಕೂಲವಿರಬೇಕು. ಅಂಕಿಯನ್ನು ಕೊಟ್ಟು, ಅದು ಬಂದ ಬಗೆಯನ್ನು ತೋರಿಸದ ತಂತ್ರಾಂಶವು ಸಾರ್ವಜನಿಕ ಕೆಲಸಕ್ಕೆ ಯೋಗ್ಯವಲ್ಲ.

ಎಂಜಿನಿಯರರಿಗೆ ಸಂಬಂಧಿಸಿದ ಇನ್ನೊಂದು ಅಂಶವಿದೆ. ವಾಸ್ತುಶಿಲ್ಪಿಯ ಪ್ರತಿರೂಪದಲ್ಲಿ ಕಂಬಕ್ಕೆ ಗಾತ್ರವಿದೆ. ವಿಶ್ಲೇಷಣೆಯ ಪ್ರತಿರೂಪದಲ್ಲಿ ಕಂಬವೆಂದರೆ ಅದರ ನಡುರೇಖೆ. ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ನಡುರೇಖೆಗಳು ಕೂಡಬೇಕಾದ ಕಡೆ ಕೂಡದೆ ಹೋದರೆ ಯಂತ್ರವು ತೊಲೆಗೆ ಆಧಾರವಿಲ್ಲವೆಂದು ತಿಳಿಯುತ್ತದೆ. ಸ್ಟಾಡ್, ಈಟ್ಯಾಬ್ಸ್ ಮೊದಲಾದವುಗಳಿಗೆ ಪ್ರತಿರೂಪವನ್ನು ಕಳುಹಿಸುವ ಸೌಕರ್ಯವಿದೆಯೆಂದು ಹೇಳಿದ ಮಾತ್ರಕ್ಕೆ ತೃಪ್ತಿಪಡದೆ, ಒಂದು ಚಿಕ್ಕ ಚೌಕಟ್ಟನ್ನು ಕಳುಹಿಸಿ, ಎರಡೂ ಕಡೆ ಒಟ್ಟು ಭಾರ ಒಂದೇ ಬರುವುದೇ ಎಂದು ತಾಳೆ ನೋಡುವುದು ಅವಶ್ಯ.

೬. ವಿನಿಮಯದ ಭಾಷೆ

ಒಂದು ತಂತ್ರಾಂಶದ ಮಾಹಿತಿಯನ್ನು ಇನ್ನೊಂದು ಓದುವಂತಾಗಬೇಕಾದರೆ ಎರಡಕ್ಕೂ ಸಾಮಾನ್ಯವಾದ ಭಾಷೆಯೊಂದು ಬೇಕು. ಈ ಉದ್ದೇಶದಿಂದ ೧೯೯೦ರ ದಶಕದ ನಡುವಿನಲ್ಲಿ ಕೆಲವು ಸಂಸ್ಥೆಗಳು ಕೂಡಿ ಒಂದು ಒಕ್ಕೂಟವನ್ನು ಸ್ಥಾಪಿಸಿದವು. ಅದು ಈಗ ಬಿಲ್ಡಿಂಗ್‌ಸ್ಮಾರ್ಟ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅದು ರೂಪಿಸಿದ ವಿನಿಮಯ ಭಾಷೆಗೆ ಐಎಫ್‌ಸಿ ಎಂದು ಹೆಸರು. ೨೦೧೩ರಲ್ಲಿ ಇದು ೧೬೭೩೯ ಎಂಬ ಸಂಖ್ಯೆಯ ಅಂತಾರಾಷ್ಟ್ರೀಯ ಮಾನಕವಾಗಿ ಪೂರ್ಣ ಮನ್ನಣೆಯನ್ನು ಪಡೆಯಿತು. ೨೦೨೪ರ ಪರಿಷ್ಕರಣದಲ್ಲಿ ಕಟ್ಟಡಗಳ ಜೊತೆಗೆ ರಸ್ತೆ, ಸೇತುವೆ, ರೈಲುಮಾರ್ಗ, ಬಂದರುಗಳ ಅಂಗಗಳೂ ಸೇರಿವೆ. ಹಿಂದೆ ಹೇಳಿದ ಬಾಗಲಕೋಟೆ-ಕುಡಚಿ ಮಾರ್ಗದಂತಹ ಕೆಲಸಗಳನ್ನು ಲಕ್ಷಿಸಿದರೆ ಇದರ ಮಹತ್ವ ತಿಳಿಯುತ್ತದೆ.

ಐಎಫ್‌ಸಿ ಕಡತದ ದೊಡ್ಡ ಗುಣವೆಂದರೆ ಅದು ಸಾಮಾನ್ಯವಾಗಿ ಬರಿಯ ಅಕ್ಷರಗಳ ಕಡತ. ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ಅದನ್ನು ತೆರೆದು ಸಾಲು ಸಾಲಾಗಿ ಓದಬಹುದು. ಓದುವುದು ಶ್ರಮದ ಕೆಲಸವೇ, ಆದರೆ ಅಸಾಧ್ಯವಲ್ಲ. ಸ್ವಾಮ್ಯಕ್ಕೊಳಪಟ್ಟ ಕಡತಗಳ ಸ್ಥಿತಿ ಹೀಗಿಲ್ಲ. ಉದಾಹರಣೆಗೆ, ರೆವಿಟ್ಟಿನ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಅದೇ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ತೆರೆಯಲು ಬರುವುದಿಲ್ಲ. ಹಳೆಯ ಆವೃತ್ತಿಯ ರೂಪದಲ್ಲಿ ಉಳಿಸಲೂ ಬರುವುದಿಲ್ಲ. ಹಳೆಯ ಆವೃತ್ತಿಯನ್ನಿಟ್ಟುಕೊಂಡ ಚಿಕ್ಕ ಕಚೇರಿಯು ಹೊಸದನ್ನು ಕೊಂಡ ದೊಡ್ಡ ಕಚೇರಿಯೊಡನೆ ಕೆಲಸ ಮಾಡಬೇಕಾದರೆ ತಾನೂ ಹೊಸದನ್ನು ಕೊಳ್ಳಲೇಬೇಕು.

ಹಾಗೆಂದು ಐಎಫ್‌ಸಿಯನ್ನು ದೋಷರಹಿತವೆಂದು ತಿಳಿಯಲಾಗದು. ಅದರ ಮೂಲಕ ಸಾಗಿಬಂದ ಗೋಡೆ ಗೋಡೆಯಾಗಿಯೇ ಉಳಿಯುವುದಾದರೂ, ಅದನ್ನು ಮೂಲದಲ್ಲಿದ್ದಷ್ಟು ಸುಲಭವಾಗಿ ತಿದ್ದಲು ಅನೇಕ ವೇಳೆ ಆಗುವುದಿಲ್ಲ. ಕೆಲವೊಮ್ಮೆ ನಾವೇ ಸೇರಿಸಿದ ಗುಣಗಳು ದಾರಿಯಲ್ಲಿ ಬಿದ್ದುಹೋಗುತ್ತವೆ. ತಿದ್ದುವುದಕ್ಕೆ ಮೂಲ ಕಡತ, ಕಾಪಿಡುವುದಕ್ಕೆ ಐಎಫ್‌ಸಿ ಕಡತ, ಹೀಗೆ ಎರಡನ್ನೂ ಇಡುವುದು ವಿವೇಕ. ಆಯ್ಕೆಯಲ್ಲಿ ನೋಡಬೇಕಾದುದು ಐಎಫ್‌ಸಿಯ ಹೆಸರು ತಂತ್ರಾಂಶದ ಪಟ್ಟಿಯಲ್ಲಿ ಇದೆಯೆ ಎಂಬುದನ್ನಲ್ಲ. ಕಳುಹಿಸಿದುದರಲ್ಲಿ ಎಷ್ಟು ಪಾಲು ಮುಟ್ಟಿತೆಂಬುದನ್ನು.

೭. ಕನ್ನಡ ಲಿಪಿಯ ಪ್ರಶ್ನೆ

ಕೆಲಸದ ಸ್ಥಳದಲ್ಲಿ ನಕ್ಷೆಯನ್ನು ಓದುವವರು ಮೇಸ್ತ್ರಿಗಳು, ಬಡಗಿಗಳು, ಕಬ್ಬಿಣ ಕಟ್ಟುವವರು. ನಕ್ಷೆಯ ಟಿಪ್ಪಣಿಗಳು ಕನ್ನಡದಲ್ಲಿದ್ದರೆ ಆಗಬಹುದಾದ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ಆದರೆ ನಕ್ಷೆಯ ತಂತ್ರಾಂಶಗಳ ಹಳೆಯ ಗೆರೆ-ಅಕ್ಷರಗಳು ರೋಮನ್ ಲಿಪಿಯನ್ನು ಲಕ್ಷಿಸಿ ರಚಿತವಾದವು. ಒತ್ತಕ್ಷರ, ಗುಣಿತಗಳನ್ನು ಸರಿಯಾದ ಸ್ಥಾನದಲ್ಲಿ ಕೂಡಿಸುವ ಶಕ್ತಿ ಅವುಗಳಿಗಿಲ್ಲ. ಈ ಕಾರಣದಿಂದ ನಮ್ಮಲ್ಲಿ ಕೆಲವರು ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಅಕ್ಷರವಿನ್ಯಾಸಗಳನ್ನು ಬಳಸುತ್ತಾರೆ. ಅವುಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ರೋಮನ್ ಸಂಕೇತ. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಉಳಿಯುತ್ತವೆ.

ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ ಈ ಗತಿಯಿಲ್ಲ. ಐಎಫ್‌ಸಿ ಕಡತವು ಕನ್ನಡದ ಪ್ರತಿಯೊಂದು ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯ ರೂಪದಲ್ಲಿ ಕಾಪಾಡಬಲ್ಲದು. ಓದುವ ತಂತ್ರಾಂಶವು ಆ ಸಂಖ್ಯೆಯನ್ನು ಮತ್ತೆ ಅಕ್ಷರವಾಗಿ ಮಾರ್ಪಡಿಸುತ್ತದೆ. ಕೋಣೆಗೆ ‘ಪಡಸಾಲೆ’ ಎಂದು ಹೆಸರಿಟ್ಟರೆ ಅದು ಪಡಸಾಲೆಯಾಗಿಯೇ ಉಳಿಯಬಹುದು. ಆದರೆ ಎಲ್ಲ ತಂತ್ರಾಂಶಗಳೂ ಎಲ್ಲ ಸ್ಥಾನಗಳಲ್ಲಿಯೂ ಇದನ್ನು ಸರಿಯಾಗಿ ನಡೆಸುತ್ತವೆಂದು ನಂಬಿ ಕೂಡಬಾರದು. ಕೋಣೆಯ ಹೆಸರು, ಸಾಮಗ್ರಿಯ ಹೆಸರು, ನಕ್ಷೆಯ ಟಿಪ್ಪಣಿ, ಮುದ್ರಿತ ಪುಟ, ಈ ನಾಲ್ಕು ಕಡೆಯೂ ‘ಕಟ್ಟಿಗೆ’, ‘ತೊಲೆ’, ‘ಜಂತೆ’, ‘ಸಜ್ಜಾ’ ಮೊದಲಾದ ಶಬ್ದಗಳನ್ನು ಬರೆದು ಪರೀಕ್ಷಿಸಬೇಕು.

೮. ವೆಚ್ಚ ಮತ್ತು ಪರವಾನಗಿ

ಹಿಂದೆ ತಂತ್ರಾಂಶವನ್ನು ಒಮ್ಮೆ ಕೊಂಡರೆ ಶಾಶ್ವತವಾಗಿ ಬಳಸುವ ಹಕ್ಕು ದೊರೆಯುತ್ತಿತ್ತು. ೨೦೧೬ರಲ್ಲಿ ಆಟೋಡೆಸ್ಕ್ ಸಂಸ್ಥೆಯು ಅಂತಹ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ಜಾರಿಗೆ ತಂದಿತು. ಚಂದಾ ಮುಗಿದರೆ ಬಳಕೆಯ ಹಕ್ಕೂ ಮುಗಿಯುತ್ತದೆ. ೨೦೨೦ರ ಜುಲೈಯಲ್ಲಿ ಬ್ರಿಟನ್ನಿನ ಅನೇಕ ಪ್ರಸಿದ್ಧ ವಾಸ್ತುಶಿಲ್ಪ ಸಂಸ್ಥೆಗಳು, ಜಾಹಾ ಹದೀದ್ ಅವರು ಸ್ಥಾಪಿಸಿದ ಸಂಸ್ಥೆಯೂ ಅವುಗಳಲ್ಲೊಂದು, ರೆವಿಟ್ಟಿನ ವೆಚ್ಚ ಏರುತ್ತಿದ್ದು ಅದಕ್ಕನುಗುಣವಾಗಿ ಸುಧಾರಣೆಯಾಗುತ್ತಿಲ್ಲವೆಂದು ಬಹಿರಂಗ ಪತ್ರವನ್ನು ಬರೆದವು. ನೂರಾರು ಜನ ದುಡಿಯುವ ಸಂಸ್ಥೆಗಳಿಗೇ ಹೀಗಾದರೆ, ಮುಧೋಳ ಅಥವಾ ಜಮಖಂಡಿಯಲ್ಲಿ ಇಬ್ಬರು ಮೂವರು ನಡೆಸುವ ಕಚೇರಿಯ ಸ್ಥಿತಿ ಊಹಿಸತಕ್ಕದ್ದು.

ಇದಕ್ಕೆ ಪ್ರತಿಯಾಗಿ ಮುಕ್ತ ತಂತ್ರಾಂಶಗಳಿವೆ. ಫ್ರೀಕ್ಯಾಡ್ ಎಂಬುದು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟ ಪರಿಶ್ರಮದ ಫಲವಾಗಿ ೨೦೨೪ರ ನವೆಂಬರಿನಲ್ಲಿ ತನ್ನ ಮೊದಲನೆಯ ಪೂರ್ಣ ಆವೃತ್ತಿಯನ್ನು ತಲುಪಿತು. ಬ್ಲೆಂಡರ್ ಎಂಬ ತಂತ್ರಾಂಶಕ್ಕೆ ಜೋಡಿಸುವ ಬೋನ್ಸಾಯ್ ಎಂಬ ಸಾಧನವು ಐಎಫ್‌ಸಿ ಕಡತವನ್ನೇ ಮೂಲವಾಗಿಟ್ಟುಕೊಂಡು ಕೆಲಸ ಮಾಡುತ್ತದೆ. ಭಾಷಾಂತರದ ಹಂತವೇ ಅದರಲ್ಲಿಲ್ಲ. ಇವುಗಳಿಗೆ ಬೆಲೆಯಿಲ್ಲ, ಕಲಿಯುವ ಶ್ರಮ ಮಾತ್ರ ಹೆಚ್ಚು. ನಕ್ಷೆಗಳನ್ನು ಶೀಘ್ರವಾಗಿ ಸಿದ್ಧಪಡಿಸುವುದರಲ್ಲಿ ವಾಣಿಜ್ಯ ತಂತ್ರಾಂಶಗಳು ಇನ್ನೂ ಮುಂದಿವೆಯೆಂಬುದನ್ನು ಒಪ್ಪಬೇಕು.

ವಿದ್ಯಾರ್ಥಿಗಳ ವಿಷಯವನ್ನು ಇಲ್ಲಿಯೇ ಹೇಳಬಹುದು. ರೆವಿಟ್, ಆರ್ಕಿಕ್ಯಾಡ್ ಮೊದಲಾದವುಗಳು ವಿದ್ಯಾರ್ಥಿಗಳಿಗೆ ಉಚಿತವಾಗಿ ದೊರೆಯುತ್ತವೆ. ಇದು ಉಪಕಾರವೂ ಹೌದು, ವ್ಯಾಪಾರವೂ ಹೌದು. ಉಚಿತವಾಗಿ ಕಲಿತವನು ಕಚೇರಿಗೆ ಹೋದಾಗ ಅದನ್ನೇ ಕೇಳುತ್ತಾನೆ. ಒಂದೇ ತಂತ್ರಾಂಶದ ಗುಂಡಿಗಳ ಸ್ಥಾನವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೂ, ಗೋಡೆ, ಸ್ಥಳ, ಅಂತಸ್ತು, ಸಂಬಂಧ ಎಂಬ ಕಲ್ಪನೆಗಳನ್ನು ಅರಿತ ವಿದ್ಯಾರ್ಥಿಗೂ ವ್ಯತ್ಯಾಸವಿದೆ. ಮೊದಲನೆಯವನ ವಿದ್ಯೆ ಮುಂದಿನ ಆವೃತ್ತಿಯವರೆಗೆ ಮಾತ್ರ. ಆದಕಾರಣ ಕಾಲೇಜುಗಳಲ್ಲಿ ಒಂದು ವಾಣಿಜ್ಯ ತಂತ್ರಾಂಶವನ್ನೂ ಒಂದು ಮುಕ್ತ ತಂತ್ರಾಂಶವನ್ನೂ ಜೊತೆಯಾಗಿ ಕಲಿಸಿ, ಒಂದರ ಕಡತವನ್ನು ಇನ್ನೊಂದರಲ್ಲಿ ತೆರೆಸುವುದು ಒಳ್ಳೆಯದು.

೯. ಆಯ್ಕೆಗೆ ಮುನ್ನ ಒಂದು ಪರೀಕ್ಷೆ

ಮೇಲಿನ ವಿಚಾರಗಳನ್ನೆಲ್ಲ ಒಟ್ಟುಗೂಡಿಸಿ, ಕಚೇರಿಯಾಗಲಿ ಕಾಲೇಜಾಗಲಿ ಒಂದೆರಡು ವಾರಗಳಲ್ಲಿ ನಡೆಸಬಹುದಾದ ಪರೀಕ್ಷೆಯೊಂದನ್ನು ಸೂಚಿಸಬಹುದು. ಪರೀಕ್ಷೆಗೆ ಹೊಸ ಕಟ್ಟಡ ಬೇಡ; ಊರಿನಲ್ಲಿ ನಿಂತಿರುವ ಚಿಕ್ಕ ಮಾಳಿಗೆಯ ಮನೆಯೊಂದು ಸಾಕು.

ಮೊದಲು ಮನೆಯನ್ನು ಕೈಯಿಂದ ಅಳೆದು, ಕಲ್ಲು, ಕಟ್ಟಿಗೆ, ಮಣ್ಣುಗಳ ಪ್ರಮಾಣವನ್ನು ಕಾಗದದ ಮೇಲೆ ಲೆಕ್ಕ ಹಾಕಬೇಕು. ಎರಡನೆಯದಾಗಿ, ಅದೇ ಮನೆಯನ್ನು ಪರೀಕ್ಷೆಗೊಳಪಟ್ಟ ತಂತ್ರಾಂಶದಲ್ಲಿ ರಚಿಸಿ, ದಪ್ಪ ಬದಲಾಗುವ ಗೋಡೆ, ಮಣ್ಣಿನ ಚಾವಣಿ, ಬೆಳಕಿಂಡಿಗಳಿಗೆ ತಗಲಿದ ಸಮಯವನ್ನು ಗುರುತು ಹಾಕಿಕೊಳ್ಳಬೇಕು. ಮೂರನೆಯದಾಗಿ, ಯಂತ್ರದ ಪ್ರಮಾಣಗಳನ್ನು ಕಾಗದದ ಲೆಕ್ಕದೊಡನೆ ಹೋಲಿಸಿ, ಅಂತರವಿದ್ದಲ್ಲಿ ಅದರ ಕಾರಣವನ್ನು ಹುಡುಕಬೇಕು. ನಾಲ್ಕನೆಯದಾಗಿ, ಐಎಫ್‌ಸಿ ಕಡತವನ್ನು ಹೊರತೆಗೆದು, ಬೇರೊಂದು ಗಣಕದಲ್ಲಿ, ಬೇರೊಂದು ಮುಕ್ತ ತಂತ್ರಾಂಶದಲ್ಲಿ, ಆ ಮನೆಯನ್ನು ನೋಡದ ಬೇರೊಬ್ಬನಿಂದ ತೆರೆಸಬೇಕು. ಗೋಡೆ, ಬಾಗಿಲು, ತೊಲೆಗಳ ಸಂಖ್ಯೆ ಸರಿಯಾಗಿದೆಯೆ, ಕನ್ನಡ ಹೆಸರುಗಳು ಉಳಿದಿವೆಯೆ, ಚಾವಣಿಯ ಮಣ್ಣಿನ ದಪ್ಪವೆಷ್ಟೆಂದು ಅವನು ಹೇಳಬಲ್ಲನೆ ಎಂಬುದನ್ನು ನೋಡಬೇಕು. ಐದನೆಯದಾಗಿ, ಅಂತರ್ಜಾಲ ಸಂಪರ್ಕವನ್ನು ತೆಗೆದು, ನಮ್ಮ ಊರುಗಳಲ್ಲಿ ಸಾಮಾನ್ಯವಾಗಿರುವ ಗಣಕದಲ್ಲಿಯೇ ತಂತ್ರಾಂಶವು ಕೆಲಸ ಮಾಡುವುದೇ ಎಂದು ಪರೀಕ್ಷಿಸಬೇಕು.

ಈ ಐದರಲ್ಲಿ ನಾಲ್ಕನೆಯದು ಅತಿ ಮುಖ್ಯ. ಉಳಿದವುಗಳಲ್ಲಿ ಕೊರತೆ ಕಂಡರೆ ಶ್ರಮದಿಂದಲೋ ಹಣದಿಂದಲೋ ತುಂಬಿಕೊಳ್ಳಬಹುದು. ನಾಲ್ಕನೆಯದರಲ್ಲಿ ಸೋತ ತಂತ್ರಾಂಶವನ್ನು ಅದರ ಇತರ ಗುಣಗಳು ಎಷ್ಟೇ ಆಕರ್ಷಕವಾಗಿದ್ದರೂ ಸಾರ್ವಜನಿಕ ದಾಖಲೆಗಳಿಗೆ ಆಧಾರವಾಗಿ ಅಂಗೀಕರಿಸಬಾರದು.

೧೦. ಉಪಸಂಹಾರ

ಎಲ್ಲ ಕೆಲಸಗಳಿಗೂ ಉತ್ತಮವಾದ ಒಂದೇ ತಂತ್ರಾಂಶವಿಲ್ಲವೆಂಬುದು ಇಷ್ಟರಿಂದ ವ್ಯಕ್ತವಾಗುತ್ತದೆ. ಕಾರ್ಖಾನೆಯ ಉಕ್ಕಿನ ಕೆಲಸಕ್ಕೆ ಒಂದು, ಶಾಲೆ ಆಸ್ಪತ್ರೆಗಳಿಗೆ ಒಂದು, ಹಳೆಯ ಮನೆಗಳ ದಾಖಲೆಗೆ ಇನ್ನೊಂದು ಯೋಗ್ಯವಾಗಬಹುದು. ಅವುಗಳೆಲ್ಲಕ್ಕೂ ಸಮಾನವಾಗಿ ಅನ್ವಯಿಸುವ ನಿಬಂಧನೆ ಒಂದೇ. ಕೆಲಸ ಮುಗಿದ ದಿನ ಕಟ್ಟಡದ ಒಡೆಯನ ಕೈಗೆ, ಆತನು ರೈತನಾಗಿರಲಿ, ನೇಕಾರನಾಗಿರಲಿ, ಪಟ್ಟಣ ಪಂಚಾಯತಿಯಾಗಿರಲಿ, ಮುಕ್ತ ಮಾನಕದ ಒಂದು ಕಡತವೂ, ಅಳತೆಗಳ ಒಂದು ಮುದ್ರಿತ ಪಟ್ಟಿಯೂ ಸೇರಬೇಕು. ಗುತ್ತಿಗೆಯ ಕರಾರಿನಲ್ಲಿ ಈ ಒಂದು ಷರತ್ತನ್ನು ಬರೆಯಿಸಿಕೊಂಡರೆ ವಾಸ್ತುಶಿಲ್ಪಿಯು ಯಾವ ತಂತ್ರಾಂಶವನ್ನು ಬಳಸಿದರೂ ಒಡೆಯನಿಗೆ ಬಾಧಕವಿಲ್ಲ.

ಬಾಗಲಕೋಟೆ ಪರಿಸರದ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮೇಲೆ ಸೂಚಿಸಿದ ಪರೀಕ್ಷೆಯನ್ನು ವರ್ಷಕ್ಕೆ ಹತ್ತಾರು ಮನೆಗಳ ಮೇಲೆ ನಡೆಸಿದರೆ ಎರಡು ಕಾರ್ಯಗಳು ಒಮ್ಮೆಗೇ ಸಾಧಿಸುತ್ತವೆ. ತಂತ್ರಾಂಶಗಳ ಬಲಾಬಲಗಳು ಅನುಭವದಿಂದ ತಿಳಿಯುತ್ತವೆ; ಮಾಳಿಗೆ, ಬೋದಿಗೆ, ಜಂತೆಗಳಂತಹ ನಮ್ಮ ಕಡೆಯ ಘಟಕಗಳ ಸಂಗ್ರಹವೊಂದು ಬೆಳೆಯುತ್ತದೆ. ಹಿನ್ನೀರಿನ ಅಂಚಿನಲ್ಲಿರುವ ಹಳ್ಳಿಗಳಿಂದ ಈ ಕಾರ್ಯವನ್ನು ಆರಂಭಿಸುವುದು ಯುಕ್ತ. ಉಳಿದ ಊರುಗಳ ಮನೆಗಳನ್ನು ಮುಂದಿನ ವರ್ಷವೂ ಅಳೆಯಬಹುದು. ಅವುಗಳನ್ನು ಅಳೆಯಲು ಇರುವ ಕಾಲ ಪರಿಮಿತವಾದುದು.